ಲೆಸ್ಲಿ ಸಿ. ಕೋಲ್ಮನ್

ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್ (1878–1954) ಕೆನಡಾ ಮೂಲದ ಕೀಟಶಾಸ್ತ್ರಜ್ಞರು ಹಾಗೂ ಸಸ್ಯರೋಗ ವಿಜ್ಞಾನಿಗಳು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾಗಿ ಸುಮಾರು ಎರಡು ದಶಕಗಳ ಕಾಲ ಸೇವೆ ಸಲ್ಲಿಸಿದರು. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಗುರುತಿಸಿ ಅದಕ್ಕೆ ಕಡಿಮೆ ಖರ್ಚಿನ ಪರಿಹಾರವನ್ನು ಬಳಕೆಗೆ ತಂದವರು ಇವರೇ. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಸಮೀಪದ ಕಾಫಿ ಪ್ರಯೋಗ ಕೇಂದ್ರ, ಮಂಡ್ಯ ಸೀಮೆಯ ಕಬ್ಬು ಕೃಷಿ ಇವುಗಳ ಹಿಂದೆ ಅವರ ದುಡಿಮೆಯಿದೆ. ಮಲೆನಾಡಿನ ತೋಟಗಾರರಲ್ಲಿ ಅನೇಕರಿಗೆ ಅವರ ಹೆಸರು ಇಂದು ತಿಳಿದಿಲ್ಲ. ಆದರೆ ಮುಂಗಾರು ಹತ್ತಿರವಾದಾಗ ಕೊಪ್ಪ, ಶೃಂಗೇರಿ, ಕಳಸ, ಮೂಡಿಗೆರೆಗಳ ತೋಟಗಳಲ್ಲಿ ಮೈಲುತುತ್ತ ಮತ್ತು ಸುಣ್ಣ ಕಲಸುವ ಕೆಲಸ ಪ್ರತಿ ವರ್ಷವೂ ನಡೆಯುತ್ತದೆ.

ಆರಂಭಿಕ ಜೀವನ ಮತ್ತು ವಿದ್ಯಾಭ್ಯಾಸ

ಕೋಲ್ಮನ್ ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಜನಿಸಿದರು. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದ ನಂತರ ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಗೆ ತೆರಳಿ ಗೊಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಗಳಿಸಿದರು. ಆ ಕಾಲದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಅಧ್ಯಯನ ಯುರೋಪಿನಲ್ಲಿ ಹೊಸದಾಗಿ ಬೆಳೆಯುತ್ತಿದ್ದ ಶಾಸ್ತ್ರವಾಗಿತ್ತು. ಗೊಟ್ಟಿಂಗೆನ್ ಅದರ ಮುಖ್ಯ ನೆಲೆಗಳಲ್ಲೊಂದು.

ಕೋಲ್ಮನ್ ಆರಿಸಿಕೊಂಡ ವಿಷಯ ನೈಟ್ರೀಕರಣ. ಸಗಣಿ, ಗಂಜಲ, ಕೊಳೆತ ಸೊಪ್ಪು ಮೊದಲಾದವುಗಳಲ್ಲಿರುವ ಸಾರಜನಕ ಗಿಡದ ಬೇರಿಗೆ ನೇರವಾಗಿ ದಕ್ಕುವುದಿಲ್ಲ. ಅದು ಮೊದಲು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ ಮತ್ತೊಂದು ಬಗೆಯದು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಜೀವಿಗಳಿಗೆ ಗಾಳಿ ಬೇಕು, ಹದವಾದ ತೇವ ಬೇಕು. ಮಣ್ಣು ಅತಿಯಾಗಿ ಹುಳಿಯಾದರೆ ಅವು ಸೊರಗುತ್ತವೆ. ಈ ವಿಷಯದ ಮೇಲಿನ ಅವರ ದೀರ್ಘ ಪ್ರಬಂಧ 1908ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ಮುಂದೆ ಅವರು ಕೀಟ ಮತ್ತು ಸಸ್ಯರೋಗಗಳ ತಜ್ಞರೆಂದೇ ಪ್ರಸಿದ್ಧರಾದರೂ ಅವರ ವಿದ್ಯೆಯ ಬುನಾದಿ ಗೊಬ್ಬರ ಗೊಬ್ಬರವಾಗುವ ಕ್ರಿಯೆಯ ಅಧ್ಯಯನದಲ್ಲಿತ್ತು ಎಂಬುದನ್ನು ಅವರ ಬಗೆಗಿನ ಬರಹಗಳು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಹೇಳಿ ಮುಗಿಸುತ್ತವೆ.

ಮೈಸೂರಿಗೆ ಆಗಮನ

ಮೈಸೂರು ಸಂಸ್ಥಾನದಲ್ಲಿ ವೈಜ್ಞಾನಿಕ ಕೃಷಿಯ ಆರಂಭ ಕೋಲ್ಮನ್ ಅವರಿಗಿಂತ ಹಿಂದಿನದು. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದಾಗ, 1899ರಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಪ್ರಯೋಗ ಕ್ಷೇತ್ರಕ್ಕಾಗಿ ನೀಡಿದರು. ಜರ್ಮನ್ ಮೂಲದ ರಸಾಯನಶಾಸ್ತ್ರಜ್ಞ ಡಾ. ಅಡಾಲ್ಫ್ ಲೆಹ್ಮನ್ ಅಲ್ಲಿ ಮಣ್ಣು ಮತ್ತು ಗೊಬ್ಬರಗಳ ಪ್ರಯೋಗಗಳನ್ನು ಆರಂಭಿಸಿದರು. ಅವರೂ ಕೆನಡಾದಿಂದಲೇ ಬಂದವರು.

ಕೋಲ್ಮನ್ 1908ರಲ್ಲಿ ಸಂಸ್ಥಾನದ ಶಿಲೀಂಧ್ರಶಾಸ್ತ್ರಜ್ಞ ಹಾಗೂ ಕೀಟಶಾಸ್ತ್ರಜ್ಞರಾಗಿ ಕೆಲಸಕ್ಕೆ ಸೇರಿದರು. ಎರಡು ಶಾಸ್ತ್ರಗಳಿಗೂ ಒಬ್ಬರೇ ಅಧಿಕಾರಿ. ಇಡೀ ಸಂಸ್ಥಾನವೇ ಅವರ ಕಾರ್ಯಕ್ಷೇತ್ರ. ಬಯಲುಸೀಮೆಯಲ್ಲಿ ಜೋಳವನ್ನು ತಿನ್ನುವ ಮಿಡತೆ, ಮಲೆನಾಡಿನಲ್ಲಿ ಭತ್ತದ ಮಿಡತೆ, ಅಡಿಕೆಯ ಕೊಳೆ, ಕಾಫಿಯ ಹೇನು, ಶ್ರೀಗಂಧದ ಸ್ಪೈಕ್ ರೋಗ ಇವೆಲ್ಲವೂ ಒಂದೇ ಮೇಜಿನ ಮೇಲೆ ಬಂದು ಬಿದ್ದವು. ರೆಕ್ಕೆಯಿಲ್ಲದ ಜೋಳದ ಮಿಡತೆಯ ಕುಲಕ್ಕೆ ಸ್ಪೇನಿನ ಕೀಟಶಾಸ್ತ್ರಜ್ಞ ಬೊಲಿವಾರ್ 1910ರಲ್ಲಿ ಕೋಲ್ಮನಿಯಾ ಎಂದು ಹೆಸರಿಟ್ಟರು. ಕನ್ನಡ ನಾಡಿನ ಹೊಲದ ಪಿಡುಗೊಂದು ಕೆನಡಾದವರ ಹೆಸರನ್ನು ಹೊತ್ತುಕೊಂಡಿರುವುದು ಹೀಗೆ.

ಕಣ್ಣೂರಿನವರಾದ ಕೆ. ಕುಞ್ಞಿಕಣ್ಣನ್ ಕೀಟಶಾಸ್ತ್ರದಲ್ಲಿ ಅವರಿಗೆ ಸಹಾಯಕರಾಗಿದ್ದು ಮುಂದೆ ಸಂಸ್ಥಾನದ ಕೀಟಶಾಸ್ತ್ರಜ್ಞರಾದರು. ಸಸ್ಯರೋಗ ವಿಭಾಗದಲ್ಲಿ ಎಂ. ಜೆ. ನರಸಿಂಹನ್ ಕೆಲಸ ಮಾಡಿದರು. ಭಾರತೀಯರನ್ನು ಬರಿಯ ಸಹಾಯಕರಾಗಿ ಇರಿಸದೆ ಸ್ವತಂತ್ರ ಸಂಶೋಧಕರಾಗಿ ಬೆಳೆಯಲು ಬಿಟ್ಟದ್ದು ಆ ಕಾಲದ ಇಲಾಖೆಗಳಲ್ಲಿ ಸಾಮಾನ್ಯವಾಗಿರಲಿಲ್ಲ.

ಅಡಿಕೆಯ ಕೊಳೆರೋಗ

ಕೋಲ್ಮನ್ ಅವರ ಕೆಲಸಗಳಲ್ಲಿ ಮಲೆನಾಡಿನ ಬದುಕನ್ನು ಅತ್ಯಂತ ಹತ್ತಿರದಿಂದ ಮುಟ್ಟಿದ್ದು ಕೊಳೆರೋಗದ ಸಂಶೋಧನೆ. ಅಡಿಕೆಯನ್ನೇ ನಂಬಿದ ಕುಟುಂಬಕ್ಕೆ ಕಂದಾಯ, ಸಾಲದ ಬಡ್ಡಿ, ಮದುವೆಮುಂಜಿ ಎಲ್ಲವೂ ಆ ಒಂದು ಬೆಳೆಯಿಂದಲೇ ನಡೆಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಜಡಿಮಳೆಯಲ್ಲಿ ಎಳೆಯ ಕಾಯಿಗಳ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂತಹ ಕಡುಹಸಿರು ಮಚ್ಚೆ ಕಾಣಿಸಿಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಕಾಯಿ ಪೂರ್ತಿ ಕೊಳೆತು ಮೇಲೆ ಬಿಳಿಯ ಬೂಸು ಹಬ್ಬಿ ಉದುರುತ್ತದೆ. ಮಳೆ ಬಿಡದೆ ಹಿಡಿದ ವರ್ಷ ಗೊನೆಗೆ ಗೊನೆಯೇ ಬರಿದಾಗುತ್ತದೆ. ರೋಗ ತುದಿಯ ಸುಳಿಗೆ ಇಳಿದರೆ ಮರವೇ ಸಾಯುತ್ತದೆ. ಹೊಸ ಮರ ಫಲಕ್ಕೆ ಬರಲು ಮತ್ತೆ ಹಲವು ವರ್ಷ ಕಾಯಬೇಕು. ದಕ್ಷಿಣ ಕನ್ನಡದಲ್ಲಿ ಇದೇ ರೋಗಕ್ಕೆ ಮಹಾಳಿ ಎಂಬ ಹೆಸರಿದೆ.

ವಿಜ್ಞಾನ ಬರುವ ಮೊದಲು ತೋಟಗಾರರು ಕೈಕಟ್ಟಿ ಕುಳಿತಿರಲಿಲ್ಲ. ಹುಲ್ಲಿನಿಂದ ಹೆಣೆದ ಕೊಟ್ಟೆಗಳನ್ನು ಪ್ರತಿ ಗೊನೆಗೂ ಕಟ್ಟಿ ಮಳೆಯ ನೀರು ಕಾಯಿಗೆ ತಾಗದಂತೆ ಮಾಡುತ್ತಿದ್ದರು. ಕೊಟ್ಟೆ ಕಟ್ಟುವುದು ಪರಿಣಾಮಕಾರಿಯಾದ ಉಪಾಯವೇ. ನೀರೇ ರೋಗದ ವಾಹನವೆಂದು ಅನುಭವದಿಂದ ತಿಳಿದವರ ಕ್ರಮ ಅದು. ಆದರೆ ಹುಲ್ಲು ತರಬೇಕು, ಹೆಣೆಯಬೇಕು, ಒಂದೊಂದು ಮರವನ್ನೂ ಹತ್ತಬೇಕು. ದೊಡ್ಡ ತೋಟಕ್ಕೆ ಅಷ್ಟು ಆಳುಗಳು ಸಿಗುತ್ತಿರಲಿಲ್ಲ, ಬಡವರಿಗೆ ಅಷ್ಟು ಹಣವಿರಲಿಲ್ಲ.

ಕೋಲ್ಮನ್ ರೋಗಪೀಡಿತ ಕಾಯಿಗಳನ್ನು ಸೂಕ್ಷ್ಮದರ್ಶಕದಡಿ ಪರಿಶೀಲಿಸಿ, ರೋಗಾಣುವನ್ನು ಬೇರ್ಪಡಿಸಿ, ಆರೋಗ್ಯವಂತ ಕಾಯಿಗೆ ತಗುಲಿಸಿ ರೋಗ ಬರುವುದನ್ನು ತೋರಿಸಿದರು. ಅದು ಫೈಟೊಫ್ತೊರ ಕುಲಕ್ಕೆ ಸೇರಿದ್ದೆಂದು ಗುರುತಿಸಿ 1910ರ ಇಲಾಖಾ ಪ್ರಕಟಣೆಯಲ್ಲಿ ಅದನ್ನು ಒಂದು ಉಪಬಗೆಯಾಗಿ ವಿವರಿಸಿದರು. 1913ರಲ್ಲಿ ಪೆಥಿಬ್ರಿಜ್ ಅದನ್ನು ಪ್ರತ್ಯೇಕ ಪ್ರಭೇದವೆಂದು ಪರಿಗಣಿಸಿ ಫೈಟೊಫ್ತೊರ ಅರೆಕೆ ಎಂದು ಕರೆದರು. ಐರ್ಲೆಂಡಿನ ಆಲೂಗಡ್ಡೆ ಕ್ಷಾಮಕ್ಕೆ ಕಾರಣವಾದ ರೋಗಾಣುವೂ ಇದೇ ಕುಲದ್ದು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕೋಲ್ಮನ್ ಮತ್ತು ಅವರ ಸಮಕಾಲೀನರು ಈ ಜೀವಿಯನ್ನು ಶಿಲೀಂಧ್ರವೆಂದೇ ತಿಳಿದಿದ್ದರು; ಪಠ್ಯಪುಸ್ತಕಗಳೂ ಬಹುಕಾಲ ಹಾಗೆಯೇ ಕಲಿಸಿದವು. ಇಂದಿನ ವರ್ಗೀಕರಣದ ಪ್ರಕಾರ ಫೈಟೊಫ್ತೊರ ನಿಜವಾದ ಶಿಲೀಂಧ್ರವಲ್ಲ. ಅದು ಕಂದು ಪಾಚಿ ಮತ್ತು ಡಯಾಟಮ್‌ಗಳ ಬಳಗಕ್ಕೆ ಹತ್ತಿರದ ಜೀವಿ. ಅದರ ಬೀಜಾಣುಗಳಿಗೆ ಎರಡು ಚಾವಟಿಗಳಿದ್ದು ಅವು ನೀರಿನಲ್ಲಿ ಈಜುತ್ತವೆ. ಮಳೆಹನಿ ಒಂದು ಕಾಯಿಯಿಂದ ಇನ್ನೊಂದಕ್ಕೆ ಸಿಡಿಯುವಾಗ ರೋಗ ಹಬ್ಬುವುದು ಈ ಕಾರಣದಿಂದ. ಕೊಟ್ಟೆ ಕಟ್ಟಿದ ಗೊನೆ ಉಳಿಯುತ್ತಿದ್ದುದೂ ಇದೇ ಕಾರಣದಿಂದ.

ಪರಿಹಾರವಾಗಿ ಕೋಲ್ಮನ್ ಆರಿಸಿದ್ದು ಬೋರ್ಡೋ ದ್ರಾವಣ. ಫ್ರಾನ್ಸಿನ ಮಿಲ್ಲಾರ್ಡೆ 1885ರಲ್ಲಿ ದ್ರಾಕ್ಷಿಯ ಬೂಜುರೋಗಕ್ಕಾಗಿ ಪ್ರಕಟಿಸಿದ ಮಿಶ್ರಣವದು. ಇಂದಿನ ಅಳತೆಯಲ್ಲಿ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಇದೇ ಶೇಕಡ 1ರ ದ್ರಾವಣ. ಆದರೆ ಫ್ರಾನ್ಸಿನ ದ್ರಾಕ್ಷಿತೋಟಕ್ಕೂ ಮಲೆನಾಡಿಗೂ ಮಳೆಯಲ್ಲಿ ಅಜಗಜಾಂತರ. ನುಣುಪಾದ ಅಡಿಕೆ ಕಾಯಿಯ ಮೇಲೆ ಸಿಂಪಡಿಸಿದ ಔಷಧಿ ತೊಳೆದುಹೋಗದೆ ನಿಲ್ಲಬೇಕಿತ್ತು. ರಾಳ ಮತ್ತು ಸೋಡಾವನ್ನು ಕುದಿಸಿ ಮಾಡಿದ ಅಂಟನ್ನು ದ್ರಾವಣಕ್ಕೆ ಸೇರಿಸುವ ಮೂಲಕ ಈ ತೊಡಕನ್ನು ನಿವಾರಿಸಲಾಯಿತು. ಈ ಕ್ರಮದ ಯಶಸ್ಸು ಔಷಧಿಯಷ್ಟೇ ಅಂಟಿನಲ್ಲಿಯೂ ಇತ್ತು. ಮುಂಗಾರು ಹಿಡಿಯುವ ಮೊದಲು ಒಂದು ಸಲ, ಸುಮಾರು 40–45 ದಿನಗಳ ನಂತರ ಮಳೆ ಹೊಳವಾದಾಗ ಇನ್ನೊಂದು ಸಲ ಸಿಂಪಡಿಸುವುದು ರೂಢಿಗೆ ಬಂತು. ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಹರಿತಗೊಳಿಸಿದ ಚೂರಿಯನ್ನು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ. ಪ್ರಯೋಗಾಲಯವಿಲ್ಲದ ಊರಿನಲ್ಲಿ ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ ಇದು.

ತಿನ್ನುವ ಪದಾರ್ಥಕ್ಕೆ ತುತ್ತದ ನೀರು ಹೊಡೆಯುವುದನ್ನು ಒಪ್ಪುವುದು ಸುಲಭದ ಮಾತಲ್ಲ. ಅದನ್ನು ತೋಟದಿಂದ ತೋಟಕ್ಕೆ ಹೋಗಿ ಮಾಡಿ ತೋರಿಸಬೇಕಾಗಿತ್ತು. ಸಿಂಪಡಿಸಿದ ಸಾಲು ಕಾಯಿ ಹಿಡಿದು ನಿಂತು, ಪಕ್ಕದ ಸಾಲು ಉದುರಿದ್ದನ್ನು ಕಂಡ ಮೇಲೆ ಬೇರೆ ವಾದದ ಅಗತ್ಯ ಉಳಿಯಲಿಲ್ಲ. ಮೈಸೂರಿನಿಂದ ಈ ಕ್ರಮ ಕನ್ನಡ ಜಿಲ್ಲೆಗಳಿಗೂ ಕೇರಳಕ್ಕೂ ಹಬ್ಬಿತು. ಅದರ ಭಾರವನ್ನು ಹೊತ್ತವರು ಮಾತ್ರ ಕೊನೆಗೌಡರು. ಜಾರುವ ಮರವನ್ನು ಹತ್ತಿ, ಮರದಿಂದ ಮರಕ್ಕೆ ತೂಗಿ ದಾಟಿ ಔಷಧಿ ಹೊಡೆಯುವ ಕೆಲಸದಲ್ಲಿ ಬಿದ್ದು ಪ್ರಾಣ ಕಳೆದುಕೊಂಡವರು, ಸೊಂಟ ಮುರಿದುಕೊಂಡವರು ಮಲೆನಾಡಿನ ಅನೇಕ ಊರುಗಳಲ್ಲಿದ್ದಾರೆ. ನೆಲದಲ್ಲಿಯೇ ನಿಂತು ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿ ಬಂದದ್ದು ತೀರ ಇತ್ತೀಚೆಗೆ.

ಕಾಫಿ ಸೀಮೆಯಲ್ಲಿ

ಬಾಬಾಬುಡನ್‌ಗಿರಿಯಿಂದ ಆರಂಭವಾದ ಮೈಸೂರಿನ ಕಾಫಿ ಕೃಷಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎರಡು ದೊಡ್ಡ ಪೆಟ್ಟುಗಳನ್ನು ತಿಂದಿತ್ತು: ಒಂದು ಕಾಂಡಕೊರಕ ಹುಳು, ಇನ್ನೊಂದು ಎಲೆಯ ತುಕ್ಕುರೋಗ. ಚಿಕ್ ಎಂಬ ಹಳೆಯ ತಳಿ ನಾಶವಾಗಿ ಅದರ ಜಾಗಕ್ಕೆ ಕೂರ್ಗ್ ತಳಿ ಬಂದು, ಅದೂ ತುಕ್ಕಿಗೆ ಸೋಲತೊಡಗಿತ್ತು. ಕೆಂಟ್ ಎಂಬ ಬೆಳೆಗಾರರು ತಮ್ಮ ತೋಟದಲ್ಲಿ ಆರಿಸಿದ, ಅವರ ಹೆಸರಿನಿಂದಲೇ ಪ್ರಸಿದ್ಧವಾದ ತಳಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸ್ವಲ್ಪ ಆಸರೆ ನೀಡಿತು.

ಕಾಫಿಗೂ ಒಂದು ಕೊಳೆರೋಗವಿದೆ. ಅದು ಅಡಿಕೆಯ ಕೊಳೆಯಲ್ಲ. ಎಲೆಗಳು ಕಪ್ಪಾಗಿ ಕೊಳೆತು ದಾರದಂತಹ ಎಳೆಯಲ್ಲಿ ಜೋತಾಡುವ ಬೇರೆಯೇ ರೋಗ. ಇಂಗ್ಲೆಂಡಿನ ಶಿಲೀಂಧ್ರಶಾಸ್ತ್ರಜ್ಞ ಕುಕ್ 1876ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರಿಡುವಾಗ ಕೊಳೆರೋಗ ಎಂಬ ಕನ್ನಡ ಪದವನ್ನೇ ಲ್ಯಾಟಿನ್ ಹೆಸರಿನೊಳಗೆ ಸೇರಿಸಿದರು. ಮುಂದೆ ಆ ಶಿಲೀಂಧ್ರದ ಕುಲಕ್ಕೇ ಕೊಳೆರೋಗ ಎಂಬ ಹೆಸರು ಬಂದಿತು. ಎರಡು ರೋಗಗಳಿಗೆ ಒಂದೇ ಹೆಸರಿರುವುದರಿಂದ ಹಳೆಯ ವರದಿಗಳನ್ನು ಓದುವವರು ಎಚ್ಚರದಿಂದಿರಬೇಕಾಗುತ್ತದೆ.

ಕೋಲ್ಮನ್ ನಿರ್ದೇಶಕರಾಗಿದ್ದಾಗ, 1915ರಲ್ಲಿ, ಎಲೆ ಉದುರಿ ರೆಂಬೆಗಳು ತುದಿಯಿಂದ ಒಣಗುತ್ತಾ ಬರುವ ರೋಗ ಮತ್ತು ತುಕ್ಕಿನಿಂದಾಗುವ ಫಸಲು ನಷ್ಟದ ಅಧ್ಯಯನಕ್ಕಾಗಿ ಆಗಿನ ಕಡೂರು ಜಿಲ್ಲೆಯ ಕೊಪ್ಪದಲ್ಲಿ ತಾತ್ಕಾಲಿಕ ಪ್ರಯೋಗಾಲಯವನ್ನು ತೆರೆಯಲಾಯಿತು. ಭಾರತದಲ್ಲಿ ಕಾಫಿ ಸಂಶೋಧನೆಯ ವಿಧಿವತ್ತಾದ ಆರಂಭ ಇದೇ ಎಂದು ಪರಿಗಣಿಸಲಾಗುತ್ತದೆ. 1918ರಲ್ಲಿ ಕೋಲ್ಮನ್ ಮತ್ತು ಕುಞ್ಞಿಕಣ್ಣನ್ ಒಟ್ಟಾಗಿ ದಕ್ಷಿಣ ಭಾರತದ ಕಾಫಿಯ ಶಲ್ಕ ಕೀಟಗಳ ಬಗ್ಗೆ ಪ್ರಕಟಣೆ ಹೊರತಂದರು. 1925ರಲ್ಲಿ ಬಾಳೆಹೊನ್ನೂರಿನ ಸಮೀಪ ಮೈಸೂರು ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. ರೋಗ ಬಂದಾಗ ಅಧಿಕಾರಿ ಬೆಂಗಳೂರಿನಿಂದ ಬರುವ ಬದಲು ತೋಟದ ನಡುವೆಯೇ, ಅದೇ ಮಳೆಯಲ್ಲಿ ನೆನೆಯುತ್ತಾ ವರ್ಷವಿಡೀ ಕೆಲಸ ಮಾಡುವ ಕೇಂದ್ರವೊಂದು ಹೀಗೆ ಬಂದಿತು. ಕಾಫಿಯಂತಹ ಬಹುವಾರ್ಷಿಕ ಬೆಳೆಗೆ ಇದು ಅನಿವಾರ್ಯ. ಒಂದು ಪ್ರಯೋಗದ ಫಲ ತಿಳಿಯಲು ಹತ್ತು ವರ್ಷ ಬೇಕಾಗಬಹುದು.

1930ರ ದಶಕದಲ್ಲಿ ಡಬ್ಲ್ಯು. ಡಬ್ಲ್ಯು. ಮೇನ್ ಈ ಕೇಂದ್ರದಲ್ಲಿ ಕಾಫಿ ತುಕ್ಕಿನ ರೋಗಾಣುವಿನಲ್ಲಿ ಬೇರೆ ಬೇರೆ ಬಗೆಗಳಿವೆ ಎಂಬುದನ್ನು ತೋರಿಸಿದರು. ಒಂದು ತೋಟದಲ್ಲಿ ರೋಗವನ್ನು ತಡೆದ ತಳಿ ಇನ್ನೊಂದರಲ್ಲಿ ಏಕೆ ಸೋಲುತ್ತದೆ ಎಂಬುದಕ್ಕೆ ಅದು ಉತ್ತರವಾಗಿತ್ತು. 1940ರ ದಶಕದಲ್ಲಿ ಬಿಡುಗಡೆಯಾದ ಎಸ್. 795 ತಳಿ ಇಂದಿಗೂ ಮೂಡಿಗೆರೆ, ಚಿಕ್ಕಮಗಳೂರು ಭಾಗದ ಅರೇಬಿಕಾ ತೋಟಗಳಲ್ಲಿದೆ. ಕಾಫಿ ಮಂಡಳಿ ವಹಿಸಿಕೊಂಡ ನಂತರ ಈ ಕೇಂದ್ರವೇ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಯಿತು.

ಮಣ್ಣು, ಗೊಬ್ಬರ ಮತ್ತು ತಾಮ್ರ

ಕಾಡು ಕಡಿದು ಮಾಡಿದ ಕಾಫಿ ತೋಟ ಮೊದಲ ಕೆಲವು ವರ್ಷ ಕಾಡಿನ ಮಣ್ಣಿನ ಬಲದಿಂದಲೇ ಬೆಳೆಯುತ್ತದೆ. ಆ ಬಲ ಕರಗಿದ ಮೇಲೆ ಗೊಬ್ಬರದ ಪ್ರಶ್ನೆ ಏಳುತ್ತದೆ. ಮೈಸೂರಿನ ಕಾಫಿ ಬೆಳೆಗಾರರಾಗಿದ್ದ ರಾಬರ್ಟ್ ಎಚ್. ಎಲಿಯಟ್ 1894ರ ತಮ್ಮ ಪುಸ್ತಕದಲ್ಲಿ ಗೊಬ್ಬರದ ವಿಚಾರವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಕೊಟ್ಟಿಗೆ ಗೊಬ್ಬರ, ಮೂಳೆಪುಡಿ, ಹರಳು ಹಿಂಡಿ, ಸುಣ್ಣ, ಕಾಡಿನ ಮೇಲ್ಮಣ್ಣು ಇವು ಆಗಿನ ತೋಟಗಳಲ್ಲಿ ಬಳಕೆಯಲ್ಲಿದ್ದವು. ಅಡಿಕೆ ತೋಟಗಳ ಕ್ರಮ ಇದಕ್ಕಿಂತ ಹಳೆಯದು. ಬೆಟ್ಟದಿಂದ ತಂದ ಹಸಿ ಸೊಪ್ಪು ಮತ್ತು ದರಗನ್ನು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಿ, ಸಗಣಿ ಗಂಜಲದೊಂದಿಗೆ ಬೆರೆತದ್ದನ್ನು ಗೊಬ್ಬರ ಗುಂಡಿಯಲ್ಲಿ ಕಳಿಸಿ ಮರದ ಬುಡಕ್ಕೆ ಕೊಡುವುದು. ಅದರ ಮೇಲೆ ಮಣ್ಣು ಹಾಕಿ, ಬಸಿಗಾಲುವೆಗಳನ್ನು ತೋಡಿ ನೀರು ನಿಲ್ಲದಂತೆ ನೋಡಿಕೊಳ್ಳುವುದು. ಗೊಟ್ಟಿಂಗೆನ್ನಿನ ಗಾಜಿನ ಪಾತ್ರೆಗಳಲ್ಲಿ ಕೋಲ್ಮನ್ ಅಭ್ಯಾಸ ಮಾಡಿದ ಕ್ರಿಯೆಗೆ ಬೇಕಾದ ಗಾಳಿ, ತೇವ ಮತ್ತು ಆಹಾರವನ್ನು ಈ ಕ್ರಮ ಹೆಸರಿಡದೆಯೇ ಒದಗಿಸುತ್ತಿತ್ತು.

ಮಲೆನಾಡಿನ ಕಷ್ಟವೆಂದರೆ ಮಳೆ. ನೈಟ್ರೇಟ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಜಡಿಮಳೆಯಲ್ಲಿ ಬೇರಿನ ಆಳವನ್ನು ದಾಟಿ ಇಳಿದು ಹಳ್ಳ ಸೇರುತ್ತದೆ. ಸುಣ್ಣದಂಶ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಆದುದರಿಂದ ಒಮ್ಮೆಲೇ ಸುರಿದ ರಸಗೊಬ್ಬರಕ್ಕಿಂತ ನಿಧಾನವಾಗಿ ಕಳಿತು ಸಾರವನ್ನು ಬಿಟ್ಟುಕೊಡುವ ಕಾಂಪೋಸ್ಟ್ ಇಲ್ಲಿಗೆ ಹೆಚ್ಚು ಹೊಂದುತ್ತದೆ. ಕಾಫಿ ಹಣ್ಣಿನ ಸಿಪ್ಪೆ, ಹಾಲುವಾಣದ ಸೊಪ್ಪು, ನೆರಳಿನ ಮರಗಳ ಎಲೆ, ಸಗಣಿ ಇವುಗಳನ್ನು ಪದರ ಪದರವಾಗಿ ಹಾಕಿ ಮಾಡುವ ಗೊಬ್ಬರ ತೋಟದೊಳಗೇ ತಯಾರಾಗುತ್ತದೆ. ಪಲ್ಪರ್‌ನಿಂದ ಬಂದ ಹಸಿ ಸಿಪ್ಪೆಯನ್ನು ಹಾಗೆಯೇ ಬುಡಕ್ಕೆ ಹಾಕಿದರೆ ಅದು ಹುಳಿತು, ಕಳಿಯುವಾಗ ಮಣ್ಣಿನ ಸಾರಜನಕವನ್ನೇ ತಾತ್ಕಾಲಿಕವಾಗಿ ಕಬಳಿಸುವುದರಿಂದ, ರಾಶಿ ಹಾಕಿ ಮಗುಚಿ ಕಳಿಸುವುದು ಲೇಸು. ಕಾಫಿಯ ನಡುವೆ ಬೆಳೆಯುವ ಕಿತ್ತಳೆ, ಹಲಸು, ಬಾಳೆಗಳಿಗೂ ಇದೇ ಗೊಬ್ಬರ ಸಲ್ಲುತ್ತದೆ.

ಕೋಲ್ಮನ್ ಅವರ ಸಮಕಾಲೀನರಾದ ಆಲ್ಬರ್ಟ್ ಹೋವರ್ಡ್ ಕೂಡ ಶಿಲೀಂಧ್ರಶಾಸ್ತ್ರಜ್ಞರಾಗಿಯೇ ವೃತ್ತಿ ಆರಂಭಿಸಿದವರು. ಇಂದೂರಿನಲ್ಲಿ ಕಾಂಪೋಸ್ಟ್ ಪದ್ಧತಿಯನ್ನು ರೂಪಿಸಿ 1931ರಲ್ಲಿ ವಾಡ್ ಅವರೊಡನೆ ಪುಸ್ತಕ ಪ್ರಕಟಿಸಿದ ಹೋವರ್ಡ್, ಮಣ್ಣು ಆರೋಗ್ಯವಾಗಿದ್ದರೆ ಗಿಡಕ್ಕೆ ರೋಗ ಬಾರದು ಎಂಬ ನಿಲುವಿಗೆ ಬಂದರು. ಕೋಲ್ಮನ್ ಹಿಡಿದದ್ದು ಬೇರೆ ದಾರಿ. ಅವರಿಗೆ ರೋಗಾಣು ಒಂದು ನಿರ್ದಿಷ್ಟ ಜೀವಿ. ಅದನ್ನು ಗುರುತಿಸಿ ನಿರ್ದಿಷ್ಟ ಔಷಧಿಯಿಂದ ತಡೆಯಬೇಕು. ಕೊಳೆರೋಗದ ಮಟ್ಟಿಗೆ ಅನುಭವ ಕೋಲ್ಮನ್ ಅವರ ಪಕ್ಷದಲ್ಲಿದೆ. ಚೆನ್ನಾಗಿ ಗೊಬ್ಬರ ಕಂಡ ತೋಟವೂ ಔಷಧಿ ತಪ್ಪಿದ ವರ್ಷ ಕೊಳೆಗೆ ತುತ್ತಾಗುವುದನ್ನು ಮಲೆನಾಡಿನಲ್ಲಿ ಯಾರೂ ಅಲ್ಲಗಳೆಯಲಾರರು.

ಆದರೆ ಈ ದಾರಿಗೂ ಒಂದು ಬೆಲೆಯಿದೆ. ತಾಮ್ರ ಕಳಿತು ಮಾಯವಾಗುವ ವಸ್ತುವಲ್ಲ. ವರ್ಷಕ್ಕೆ ಎರಡು ಮೂರು ಬಾರಿಯಂತೆ ದಶಕಗಳ ಕಾಲ ಸಿಂಪಡಿಸಿದ ತಾಮ್ರ ಮೇಲ್ಮಣ್ಣಿನಲ್ಲಿ ಸೇರುತ್ತಾ ಹೋಗುತ್ತದೆ. ಪ್ರಮಾಣ ಮೀರಿದಾಗ ಎರೆಹುಳುಗಳಿಗೂ ಸಾರಜನಕವನ್ನು ಮಾರ್ಪಡಿಸುವ ಸೂಕ್ಷ್ಮಜೀವಿಗಳಿಗೂ ಹಾನಿ ಮಾಡುತ್ತದೆ. ಯೌವನದಲ್ಲಿ ತಾವು ಅಧ್ಯಯನ ಮಾಡಿದ ಬ್ಯಾಕ್ಟೀರಿಯಾಗಳಿಗೆ ತಾವೇ ಪ್ರಚಾರ ಮಾಡಿದ ಔಷಧಿ ಕಾಲಾಂತರದಲ್ಲಿ ತೊಡಕಾಗುವ ಸಾಧ್ಯತೆ ಕೋಲ್ಮನ್ ಅವರ ಕಾಲದ ಕಣ್ಣಿಗೆ ಕಾಣುವಂತಿರಲಿಲ್ಲ. ಸಾವಯವ ಕೃಷಿಯ ನಿಯಮಗಳು ಬೋರ್ಡೋ ದ್ರಾವಣವನ್ನು ಪೂರ್ತಿ ನಿಷೇಧಿಸದೆ ಮಿತಿಯೊಳಗೆ ಬಳಸಲು ಬಿಟ್ಟಿರುವುದು ಅದಕ್ಕೆ ಸಮನಾದ ಬದಲಿ ಇನ್ನೂ ಸಿಗದಿರುವುದರಿಂದ. ಸಾವಯವ ಅಂಶ ಹೆಚ್ಚಿರುವ ಮಣ್ಣು ತಾಮ್ರವನ್ನು ಹಿಡಿದಿಟ್ಟು ಅದರ ವಿಷವನ್ನು ತಗ್ಗಿಸುತ್ತದೆ. ಔಷಧಿ ಹೊಡೆಯುವ ತೋಟಕ್ಕೇ ಕಾಂಪೋಸ್ಟ್ ಹೆಚ್ಚು ಬೇಕು ಎಂದಾಯಿತು. ಸುಣ್ಣ ಹಾಕಿ ಹುಳಿ ಕಡಿಮೆ ಮಾಡುವುದರಿಂದಲೂ ಇದೇ ಪ್ರಯೋಜನವಿದೆ.

ಪಾಚಿಗಳು ಗೊಬ್ಬರವಾಗಿ ಚರ್ಚೆಗೆ ಬಂದದ್ದು ಕೋಲ್ಮನ್ ಮೈಸೂರನ್ನು ಬಿಟ್ಟ ನಂತರ. ಭತ್ತದ ಗದ್ದೆಯ ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತದೆ ಎಂದು ಬಂಗಾಳದ ಪಿ. ಕೆ. ಡೇ 1939ರಲ್ಲಿ ತೋರಿಸಿದರು. ಅದೇ ವರ್ಷದ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಪಟ್ಟಣದ ಕಸದಿಂದ ಗೊಬ್ಬರ ಮಾಡುವ, ಬೆಂಗಳೂರು ವಿಧಾನವೆಂದೇ ಪ್ರಸಿದ್ಧವಾದ ಕ್ರಮವನ್ನು ರೂಪಿಸಿದರು. ಇಂದು ಸಮುದ್ರ ಪಾಚಿಯ ಸಾರವನ್ನು ಕಾಫಿ, ಮೆಣಸು, ಹಣ್ಣಿನ ಗಿಡಗಳ ಎಲೆಗೆ ಸಿಂಪಡಿಸುವುದು ಬಳಕೆಗೆ ಬಂದಿದೆ. ಅದು ಚಿಗುರು ಮತ್ತು ಬೇರಿನ ಬೆಳವಣಿಗೆಗೆ ಉತ್ತೇಜಕವಾಗಬಹುದಾದರೂ ಅದರಲ್ಲಿರುವ ಸಾರಜನಕ, ರಂಜಕಗಳ ಪ್ರಮಾಣ ಅತ್ಯಲ್ಪ. ಬುಡದ ಗೊಬ್ಬರಕ್ಕೆ ಅದು ಬದಲಿಯಲ್ಲ. ಎಲ್ಲ ಪಾಚಿಯೂ ಗಿಡಕ್ಕೆ ಹಿತವೆಂದು ಭಾವಿಸುವಂತೆಯೂ ಇಲ್ಲ. ಮಾವು, ಸೀಬೆ, ಚಹಾ ಮೊದಲಾದ ಗಿಡಗಳ ಎಲೆಯ ಮೇಲೆ ಕೆಂಪು ಮಚ್ಚೆಗಳನ್ನುಂಟುಮಾಡುವ ಸೆಫಲ್ಯುರಸ್ ಒಂದು ಪರಾವಲಂಬಿ ಹಸಿರು ಪಾಚಿ. ಅದರ ನಿಯಂತ್ರಣಕ್ಕೂ ತಾಮ್ರದ ಔಷಧಿಗಳನ್ನೇ ಬಳಸುತ್ತಾರೆ.

ಇಲಾಖೆಯ ನಿರ್ದೇಶಕರಾಗಿ

1913ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಕೋಲ್ಮನ್ ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಅದು 1946ರಲ್ಲಿ ಕೃಷಿ ಕಾಲೇಜಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯದ ತಾಯಿಬೇರಾಯಿತು. ರಾಗಿಯ ಶುದ್ಧ ತಳಿಗಳ ಆಯ್ಕೆ, ಕಬ್ಬಿನ ತಳಿ ಅಭಿವೃದ್ಧಿ, ಕಬ್ಬಿಣದ ನೇಗಿಲಿನ ಪ್ರಚಾರ ಇವೆಲ್ಲ ಅವರ ಅವಧಿಯ ಕಾರ್ಯಕ್ರಮಗಳು. ರೈತರನ್ನೂ ಪ್ರಯೋಗದಲ್ಲಿ ಪಾಲುದಾರರನ್ನಾಗಿ ಮಾಡುವ ಮೈಸೂರು ಕೃಷಿ ಪ್ರಯೋಗ ಸಂಘದ ಬೆಳವಣಿಗೆಯಲ್ಲಿಯೂ ಅವರ ಪಾತ್ರವಿತ್ತು.

ಶ್ರೀಗಂಧದ ಸ್ಪೈಕ್ ರೋಗ ಸಂಸ್ಥಾನದ ಬೊಕ್ಕಸವನ್ನೇ ಕಾಡುತ್ತಿದ್ದ ಸಮಸ್ಯೆ. ರೋಗದ ಮರದ ಕಸಿಯನ್ನು ಆರೋಗ್ಯದ ಗಿಡಕ್ಕೆ ಕಟ್ಟಿದಾಗ ರೋಗ ಹರಡುವುದನ್ನು ಕೋಲ್ಮನ್ ತೋರಿಸಿದರು. ಕಣ್ಣಿಗೆ ಕಾಣದ ಅಂಟುರೋಗವೆಂಬುದು ಅದರಿಂದ ಖಚಿತವಾಯಿತು. ಆಗ ವೈರಸ್ ಎಂದು ಭಾವಿಸಿದ್ದ ಆ ರೋಗಾಣು ಫೈಟೊಪ್ಲಾಸ್ಮಾ ಎಂದು ತಿಳಿದದ್ದು ಬಹಳ ತಡವಾಗಿ.

ಕೃಷ್ಣರಾಜಸಾಗರದ ನೀರು ಆಗಿನ ಇರ್ವಿನ್ ನಾಲೆಯ ಮೂಲಕ ಮಂಡ್ಯ ಸೀಮೆಗೆ ಹರಿದಾಗ, ಅದುವರೆಗೆ ಮಳೆಯಾಶ್ರಯದಲ್ಲಿದ್ದ ರೈತರಿಗೆ ನೀರಾವರಿ ಬೇಸಾಯವನ್ನು ಕಲಿಸುವ ಹೊಣೆ ಇಲಾಖೆಯದಾಯಿತು. ನಾಲೆಯ ಬಯಲಿನ ಪ್ರಯೋಗ ಕ್ಷೇತ್ರ ಇಂದು ವಿ. ಸಿ. ಫಾರಂ ಎಂದು ಪ್ರಸಿದ್ಧವಾಗಿದೆ. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯ ಹಿಂದೆಯೂ ಕೋಲ್ಮನ್ ಅವರ ಪ್ರಯತ್ನವಿತ್ತು.

ಕೊನೆಯ ದಿನಗಳು

1930ರ ದಶಕದ ಮಧ್ಯಭಾಗದ ವೇಳೆಗೆ ಮೈಸೂರಿನ ಸೇವೆಯಿಂದ ನಿವೃತ್ತರಾಗಿ ಕೋಲ್ಮನ್ ಕೆನಡಾಕ್ಕೆ ಮರಳಿದರು. ಆಡಳಿತದ ಹೊರೆ ಇಳಿದ ಮೇಲೆ ಸೂಕ್ಷ್ಮದರ್ಶಕದ ಬಳಿಗೆ ಹಿಂದಿರುಗಿ ಜೀವಕೋಶಗಳ ಅಧ್ಯಯನದಲ್ಲಿ ತೊಡಗಿದರು. ಮಿಡತೆಗಳ ವರ್ಣತಂತುಗಳ ರಚನೆಯನ್ನು ಕುರಿತ ಅವರ ಲೇಖನ 1943ರಲ್ಲಿ ಪ್ರಕಟವಾದಾಗ ಅವರಿಗೆ 65ರ ಆಸುಪಾಸು. ಮೈಸೂರಿನಲ್ಲಿ ಹೊಲ ಹೊಲ ಸುತ್ತಿ ಹಿಡಿಸಿದ ಕೀಟದ ಬಳಗವನ್ನೇ ಅವರು ಮತ್ತೆ ಎತ್ತಿಕೊಂಡಿದ್ದರು. 1954ರಲ್ಲಿ ಅವರು ನಿಧನರಾದರು.

ಅವರು ವಿವರಿಸಿದ ಕೊಳೆರೋಗ ಮಲೆನಾಡನ್ನು ಬಿಟ್ಟು ಹೋಗಿಲ್ಲ. ಶೃಂಗೇರಿ, ಕೊಪ್ಪ ಭಾಗದಲ್ಲಿ ಹಳದಿ ಎಲೆ ರೋಗವೂ, ಕಳಸದ ಕಡೆ ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಅದಕ್ಕೆ ಜೊತೆಯಾಗಿವೆ. ಎಲೆಚುಕ್ಕಿ ಎಲೆಗೇ ಬರುವ ರೋಗವಾದ್ದರಿಂದ ಗೊನೆಗೆ ಮಾತ್ರ ಔಷಧಿ ಹೊಡೆದರೆ ಸಾಲದೆ, ಬಿದ್ದ ಸೋಗೆಗಳನ್ನು ತೋಟದಿಂದ ತೆಗೆಯುವುದು ಮತ್ತು ಮರಗಳಿಗೆ ಸಮತೋಲದ ಪೋಷಣೆ ನೀಡುವುದು ಮುಖ್ಯವಾಗಿದೆ.